ಜನಕ್ಕೆ ಅರ್ಥವಾಗೋಲ್ಲ ಅಂತ ಹೇಳಲು ನೀವ್ಯಾರು?



"ಜನಕ್ಕೆ ಅರ್ಥವಾಗೋಲ್ಲ ಸಾರ್!"

ಈ ಒಂದೇ ಮಾತನ್ನು ಬಂಡವಾಳ ಮಾಡಿಕೊಂಡು ಬದುಕುವ ಒಂದು ತಳಿ ಎಲ್ಲ ಊರಿನಲ್ಲೂ ಇದೆ, ಎಲ್ಲ ದೇಶದಲ್ಲೂ ಇದೆ. ಅವರಿಗೆ ಮಾತ್ರ ಎಲ್ಲವೂ ಅರ್ಥವಾಗುತ್ತದೆ. ನಿಮಗೆ, ನನಗೆ, ಟಿಕೆಟ್ ಕೊಂಡು ಒಳಗೆ ಕೂತ ಬಡಪಾಯಿಗೆ ಏನೂ ಅರ್ಥವಾಗುವುದಿಲ್ಲ. ನಮ್ಮ ಪರವಾಗಿ ನೋಡುವವರು ಅವರು. ನಮ್ಮ ಪರವಾಗಿ ತೀರ್ಪು ಕೊಡುವವರು ಅವರು. ಕೊನೆಗೆ ನಮ್ಮ ಕಿವಿಯ ಪಕ್ಕದಲ್ಲಿ ಕೂತು ಬಿಡಿಸಿ ಹೇಳುವವರೂ ಅವರೇ!

ಈ ತಳಿಯ ಬಂಡವಾಳ ಬೀದಿಗೆ ಬಂದ ಕಥೆಯೊಂದನ್ನು ಹೇಳುತ್ತೇನೆ, ಕೇಳಿ. ಇದು ನಮ್ಮ ಗಾಂಧಿನಗರದಲ್ಲಿ ನಡೆದದ್ದಲ್ಲ, ಅಮೆರಿಕದ ಹಾಲಿವುಡ್ಡಿನಲ್ಲಿ ನಡೆದದ್ದು. ಚಿತ್ರದ ಹೆಸರು 'ಬ್ಲೇಡ್ ರನ್ನರ್'. ತೆರೆಕಂಡದ್ದು 1982ರ ಜೂನ್ 25ರಂದು. ಹಾಲಿವುಡ್ ಚಿತ್ರದ ಉಸಾಬರಿ ನಮಗೇಕೆ ಎಂದು ಪುಟ ತಿರುವಬೇಡಿ. ನಡುವೆ ಒಂದು ಕಡೆ ಬೀದಿಯ ಭಾಷೆಯೊಂದಕ್ಕೆ ಆದ ಅವಮಾನದ ಮಾತು ಬರುತ್ತದೆ. ಅಲ್ಲಿಗೆ ಬಂದಾಗ ಇದು ಎಷ್ಟು ಹತ್ತಿರದ ಕಥೆ ಎಂದು ನಿಮಗೇ ತಿಳಿಯುತ್ತದೆ.

ಏನಿತ್ತು ಆ ಚಿತ್ರದಲ್ಲಿ?

ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ಕಾದಂಬರಿ ಈ ಚಿತ್ರಕ್ಕೆ ಮೂಲ. ನಿರ್ದೇಶಕ ಇಂಗ್ಲೆಂಡಿನ ರಿಡ್ಲಿ ಸ್ಕಾಟ್. ಕಥೆ ನಡೆಯುವುದು 2019ರ ನವೆಂಬರಿನಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ. ಆಗಿನ ಜನಕ್ಕೆ ಅದು ಮೂವತ್ತೇಳು ವರ್ಷ ಮುಂದಿನ ಮಾತು. ನಮಗೆ ಈಗ ಕಳೆದುಹೋದ ವರ್ಷ.

ಕತ್ತಲು ಕವಿದ ನಗರ. ಬಿಡದೆ ಸುರಿಯುವ ಮಳೆ. ಮೇಲೆ ಮುಗಿಲು ಮುಟ್ಟುವ ಕಟ್ಟಡಗಳು, ಕೆಳಗೆ ಕಿಕ್ಕಿರಿದ ಕೊಳಕು ಬೀದಿಗಳು. ಒಂದು ಭಾರೀ ಕಂಪನಿ ಥೇಟ್ ಮನುಷ್ಯರಂತೆಯೇ ಇರುವ 'ರೆಪ್ಲಿಕೆಂಟ್'ಗಳನ್ನು ತಯಾರಿಸಿ ಬೇರೆ ಲೋಕಗಳಿಗೆ ಜೀತಕ್ಕೆ ಕಳಿಸುತ್ತದೆ. ಅವರಿಗೆ ಆಯಸ್ಸು ನಾಲ್ಕೇ ವರ್ಷ! ಜೀತ ತಾಳಲಾರದೆ ಕೆಲವರು ದಂಗೆಯೆದ್ದು, ರಕ್ತ ಹರಿಸಿ, ಭೂಮಿಗೆ ಓಡಿ ಬರುತ್ತಾರೆ. ಅವರನ್ನು ಪತ್ತೆ ಹಚ್ಚಿ ಕೊಲ್ಲುವ ಕೆಲಸ ಡೆಕರ್ಡ್ ಎಂಬ ಪೊಲೀಸಿನವನ ಕೊರಳಿಗೆ ಬೀಳುತ್ತದೆ. ಆ ಪಾತ್ರ ಮಾಡಿದವರು ಹ್ಯಾರಿಸನ್ ಫೋರ್ಡ್. ಕೊಲೆಗಾರರ ಬೆನ್ನಟ್ಟುವ ಪತ್ತೇದಾರಿ ಚಿತ್ರದಂತೆ ಶುರುವಾಗುವ ಇದು, ಮುಗಿಯುವ ಹೊತ್ತಿಗೆ "ಇಲ್ಲಿ ಕೊಲೆಗಾರ ಯಾರು? ಮನುಷ್ಯ ಯಾರು?" ಎಂಬ ಪ್ರಶ್ನೆಯನ್ನು ನಿಮ್ಮ ಮಡಿಲಿಗೆ ಹಾಕಿ ಎದ್ದು ಹೋಗುತ್ತದೆ.

ಆ ಪ್ರಶ್ನೆಯನ್ನು ಹಾಗೆಯೇ ಬಿಟ್ಟಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ.

ಎರಡು ಊರಿನ ಚೀಟಿ, ದುಡ್ಡಿನವರ ಔಷಧಿ

1982ರ ಮಾರ್ಚ್ ತಿಂಗಳು. ಚಿತ್ರ ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ. ಡೆನ್ವರ್ ಮತ್ತು ಡಲ್ಲಾಸ್ ಎಂಬ ಎರಡು ಊರುಗಳಲ್ಲಿ ಜನರನ್ನು ಕರೆದು ಕೂರಿಸಿ ತೋರಿಸಿದರು. ಮುಗಿದ ಮೇಲೆ ಕೈಗೊಂದು ಚೀಟಿ ಕೊಟ್ಟು ಅಭಿಪ್ರಾಯ ಬರೆಯಿರಿ ಎಂದರು. ಹ್ಯಾರಿಸನ್ ಫೋರ್ಡ್ ಎಂದರೆ ಆ ಜನಕ್ಕೆ 'ಸ್ಟಾರ್ ವಾರ್ಸ್'ನ ತುಂಟ ವೀರ, 1981ರಲ್ಲಷ್ಟೇ ಬಂದಿದ್ದ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್'ನ ಚಾಟಿ ಬೀಸುವ ಸಾಹಸಿ. ಇಲ್ಲಿ ನೋಡಿದರೆ ಅದೇ ಮನುಷ್ಯ ಮಳೆಯಲ್ಲಿ ನೆನೆದು, ಪೆಟ್ಟು ತಿಂದು, ಓಡಿ ಹೋಗುವ ಹೆಂಗಸಿನ ಬೆನ್ನಿಗೆ ಗುಂಡು ಹೊಡೆಯುತ್ತಾನೆ! ಜನ ತಬ್ಬಿಬ್ಬಾದರು. ಗೊಂದಲವಾಗಿದೆ, ಬರೀ ಕತ್ತಲೆ, ಮನಸ್ಸಿಗೆ ಭಾರವಾಗುತ್ತದೆ ಎಂಬ ಅರ್ಥದಲ್ಲಿ ಚೀಟಿ ತುಂಬಿದರು.

ಅಷ್ಟು ಸಾಕಾಯಿತು ದುಡ್ಡಿನವರಿಗೆ. ಚಿತ್ರದ ಖರ್ಚು ಆಗಲೇ 2.8 ಕೋಟಿ ಡಾಲರಿನ ಸುತ್ತ ಹೋಗಿತ್ತು. ಬಜೆಟ್ ಮೀರಿದ್ದರಿಂದ ಖರ್ಚಿಗೆ ಜಾಮೀನು ನಿಂತವರು ಲಗಾಮು ಕೈಗೆ ತೆಗೆದುಕೊಂಡಿದ್ದರು. ರೋಗ ಏನೆಂದು ಜನ ಹೇಳಿದರು ಸರಿ, ಆದರೆ ಔಷಧಿ ಬರೆದವರು ಯಾರು? ಇವರೇ!

ಔಷಧಿ ಎರಡು. ಮೊದಲನೆಯದು, ಚಿತ್ರದುದ್ದಕ್ಕೂ ಹಿನ್ನೆಲೆಯಲ್ಲಿ ಡೆಕರ್ಡ್‌ನ ದನಿಯಲ್ಲಿ ವಿವರಣೆ. ನೀವು ಕಣ್ಣಾರೆ ಕಾಣುತ್ತಿರುವುದನ್ನೇ ಇನ್ನೊಮ್ಮೆ ಬಾಯಲ್ಲಿ ಹೇಳುವುದು. ಹೇಳಿದ ಫೋರ್ಡ್ ಅವರಿಗೇ ಅದು ಸೇರಿರಲಿಲ್ಲ. ಎರಡನೆಯದು, ಸುಖಾಂತ್ಯ. ಅಷ್ಟು ಹೊತ್ತೂ ಸೂರ್ಯನನ್ನೇ ಸರಿಯಾಗಿ ಕಾಣದ ಚಿತ್ರದಲ್ಲಿ ಕೊನೆಗೆ ಏಕಾಏಕಿ ಬಿಸಿಲು, ಹಸಿರು, ಬೆಟ್ಟಗಳ ನಡುವೆ ಕಾರಿನಲ್ಲಿ ನಾಯಕ ನಾಯಕಿಯ ಸವಾರಿ! ಆ ಬೆಟ್ಟಗಳಾದರೂ ಸ್ವಂತದ್ದೇ? ಅಲ್ಲ ಸ್ವಾಮಿ. ಸ್ಟ್ಯಾನ್ಲಿ ಕುಬ್ರಿಕ್ ತಮ್ಮ 'ದಿ ಶೈನಿಂಗ್' (1980) ಚಿತ್ರಕ್ಕೆಂದು ಆಕಾಶದಿಂದ ತೆಗೆಸಿ, ಬಳಸದೆ ಉಳಿಸಿದ್ದ ರೀಲುಗಳಿಂದ ತಂದದ್ದು. ಪಕ್ಕದ ಮನೆಯಲ್ಲಿ ಮಿಕ್ಕಿದ ಪಾಯಸ ತಂದು ನಮ್ಮ ಮನೆ ಊಟಕ್ಕೆ ಬಡಿಸಿದ ಹಾಗೆ.

ಈ ಔಷಧಿ ಮಾಡಿದ ಅನಾಹುತ ಎಂಥದ್ದು? ಒಂದೇ ಉದಾಹರಣೆ ಸಾಕು. ರೆಪ್ಲಿಕೆಂಟ್‌ಗಳ ನಾಯಕ ರಾಯ್ ಬ್ಯಾಟಿ. ಆ ಪಾತ್ರ ರಟ್ಗರ್ ಹೌವರ್ ಅವರದು. ತನ್ನನ್ನು ಕೊಲ್ಲಲು ಬಂದ ಡೆಕರ್ಡ್ ಕಟ್ಟಡದ ಅಂಚಿನಿಂದ ಜಾರಿ ಬೀಳುವಾಗ ಇವನೇ ಕೈ ಹಿಡಿದು ಮೇಲೆತ್ತುತ್ತಾನೆ. ಆಮೇಲೆ ಮಳೆಯಲ್ಲಿ ಕೂತು, ತಾನು ಕಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ, ತಲೆ ಬಾಗಿಸಿ ಸಾಯುತ್ತಾನೆ. ಕೈಯಲ್ಲಿದ್ದ ಪಾರಿವಾಳ ಹಾರಿಹೋಗುತ್ತದೆ. ನೋಡುವವನ ಗಂಟಲು ಕಟ್ಟಿರುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಹಿನ್ನೆಲೆ ದನಿ ಬಾಯಿ ತೆಗೆಯುತ್ತದೆ! ಅವನು ನನ್ನನ್ನು ಯಾಕೆ ಉಳಿಸಿದನೋ, ಬಹುಶಃ ಜೀವದ ಮೇಲಿನ ಪ್ರೀತಿಯಿಂದಿರಬೇಕು ಎಂದು ಪಾಠ ಶುರು. ಸಾವಿನ ಮನೆಯಲ್ಲಿ ಹೆಣದ ಪಕ್ಕ ನಿಂತು "ಇವರು ಸತ್ತಿದ್ದಾರೆ, ನೀವೀಗ ಅಳಬೇಕು" ಎಂದು ಹೇಳುವವನನ್ನು ನೀವು ಏನೆಂದು ಕರೆಯುತ್ತೀರಿ?

ವಿಮರ್ಶಕ ಮಹಾಶಯರ ಸರದಿ

ತೇಪೆ ಹಾಕಿದ ಈ ಚಿತ್ರ ತೆರೆಗೆ ಬಂತು. ಎರಡು ವಾರ ಮುಂಚೆ, ಜೂನ್ 11ರಂದು, ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದಿತ್ತು. ಬೇರೆ ಲೋಕದ ಮುದ್ದು ಜೀವಿಯನ್ನು ನೋಡಿ ಅಮೆರಿಕವೇ ಕಣ್ಣೀರಿಡುತ್ತಿದ್ದ ಕಾಲ. ಅಂಥ ಬೇಸಿಗೆಯಲ್ಲಿ ಮಳೆ, ಕತ್ತಲು, ಸಾವು ಯಾರಿಗೆ ಬೇಕು? ಮೊದಲ ವಾರಾಂತ್ಯದ ಗಳಿಕೆ ಸುಮಾರು 61 ಲಕ್ಷ ಡಾಲರ್. ಆಮೇಲೆ ಇಳಿಮುಖ. ನಮ್ಮ ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ಚಿತ್ರ ಮಕಾಡೆ ಮಲಗಿತು. ಅದೇ ದಿನ ಬಿಡುಗಡೆಯಾದ ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್' ಚಿತ್ರವೂ ಜೊತೆಗೇ ಮಲಗಿತು. ಆ ಚಿತ್ರಕ್ಕೂ ಮುಂದೆ ದೊಡ್ಡ ಹೆಸರು ಬಂತು ಎಂಬುದು ಬೇರೆ ಮಾತು.

ವಿಮರ್ಶಕರು ಏನು ಮಾಡಿದರು? 'ಲಾಸ್ ಏಂಜಲೀಸ್ ಟೈಮ್ಸ್'ನ ಶೀಲಾ ಬೆನ್ಸನ್ ಅವರು ಚಿತ್ರದ ಹೆಸರಿನಲ್ಲಿರುವ 'ಓಟ'ವನ್ನೇ ಹಿಡಿದು, ಇದು ಓಡುವುದಿಲ್ಲ, ತೆವಳುತ್ತದೆ ಎಂದು ಹಾಸ್ಯ ಮಾಡಿದರು. 'ದಿ ನ್ಯೂಯಾರ್ಕರ್'ನಲ್ಲಿ ಬರೆಯುತ್ತಿದ್ದ ಪಾಲಿನ್ ಕೇಲ್ ಎಂದರೆ ಹಾಲಿವುಡ್ ನಡುಗುತ್ತಿದ್ದ ಕಾಲ ಅದು. ಚಿತ್ರದ ನೋಟವನ್ನು ಒಪ್ಪಿಕೊಂಡ ಅವರು, ಮನುಷ್ಯರ ಕಡೆಯಿಂದ ಯೋಚಿಸಿಯೇ ಇಲ್ಲ ಎಂದು ಝಾಡಿಸಿದರು. ರೋಜರ್ ಈಬರ್ಟ್ ಕಣ್ಣಿಗೆ ಹಬ್ಬ ಎಂದರು, ಕಥೆ ತೆಳು ಎಂದರು, ಮೂರು ನಕ್ಷತ್ರ ಕೊಟ್ಟು ಕೈತೊಳೆದುಕೊಂಡರು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ವಿಮರ್ಶಕರು ಕೂಡ ನೋಡಿದ್ದು ತೇಪೆ ಹಾಕಿದ ಚಿತ್ರವನ್ನೇ. ಗಾಯಗೊಂಡವನು ಕುಂಟಿದರೆ ಅವನ ತಪ್ಪಲ್ಲ. ಆದರೆ ಗಾಯ ಯಾರು ಮಾಡಿದರೆಂದು ಎಷ್ಟು ಜನ ಕೇಳಿದರು? ಕುಂಟುತ್ತಾನೆ ಎಂದು ಬರೆದು ಮನೆಗೆ ಹೋದರು! ವಾರದೊಳಗೆ ತೀರ್ಪು, ತಿಂಗಳೊಳಗೆ ತಿಥಿ.

ಚಿತ್ರದ ಮೂಲ ಲೇಖಕ ಡಿಕ್ ಇದಾವುದನ್ನೂ ನೋಡಲಿಲ್ಲ. ಸಿದ್ಧವಾಗುತ್ತಿದ್ದ ಚಿತ್ರದ ಕೆಲವು ದೃಶ್ಯಗಳನ್ನು ಕಂಡು ಸಂತೋಷಪಟ್ಟಿದ್ದ ಅವರು 1982ರ ಮಾರ್ಚ್ 2ರಂದು ತೀರಿಕೊಂಡರು. ಅದಕ್ಕೂ ಮುಂಚೆ ಅವರು ಮಾಡಿದ ಒಂದು ಕೆಲಸವನ್ನು ನೀವು ತಿಳಿಯಬೇಕು. ಚಿತ್ರಕ್ಕೆ ಹೊಂದುವ ಹಾಗೆ ಹೊಸ ಪುಸ್ತಕ ಬರೆದುಕೊಡಿ, ಹಳೆಯ ಕಾದಂಬರಿ ಪಕ್ಕಕ್ಕಿರಲಿ, ಕೈತುಂಬ ದುಡ್ಡು ಕೊಡುತ್ತೇವೆ ಎಂದು ಬಂದವರನ್ನು ಬರಿಗೈಯಲ್ಲಿ ವಾಪಸ್ ಕಳಿಸಿದರು. ಮೂಲ ಕಾದಂಬರಿಯೇ ಮರುಮುದ್ರಣವಾಯಿತು. ಓದುಗನಿಗೆ ಮೂಲವನ್ನೇ ಕೊಡಬೇಕು ಎಂದು ಹಟ ಹಿಡಿದ ಒಬ್ಬ ಮನುಷ್ಯನಾದರೂ ಈ ಕಥೆಯಲ್ಲಿದ್ದ!

ಬೀದಿಯ ಭಾಷೆಗೆ ಬಿದ್ದ ಬೈಗುಳ

ಈಗ ನಾನು ಮೊದಲೇ ಹೇಳಿದ್ದ ಜಾಗಕ್ಕೆ ಬಂದೆವು. ಚಿತ್ರದ ಆರಂಭದಲ್ಲಿ ಡೆಕರ್ಡ್ ಬೀದಿ ಬದಿಯ ಅಂಗಡಿಯಲ್ಲಿ ನೂಡಲ್ಸ್ ತಿನ್ನುತ್ತಾ ಕೂತಿರುತ್ತಾನೆ. ಗ್ಯಾಫ್ ಎಂಬ ಇನ್ನೊಬ್ಬ ಪೊಲೀಸಿನವನು ಬಂದು ಅವನನ್ನು ಕರೆಯುತ್ತಾನೆ. ಅವನಾಡುವ ಭಾಷೆ ಇಂಗ್ಲಿಷ್ ಅಲ್ಲ! ಅದಕ್ಕೆ 'ಸಿಟಿಸ್ಪೀಕ್' ಎಂದು ಹೆಸರು. ಆ ಪಾತ್ರ ಮಾಡಿದ ಎಡ್ವರ್ಡ್ ಜೇಮ್ಸ್ ಓಲ್ಮೊಸ್ ಅವರೇ ಹಂಗೇರಿಯನ್, ಜಪಾನಿ, ಜರ್ಮನ್, ಸ್ಪ್ಯಾನಿಷ್ ಮುಂತಾದ ಭಾಷೆಗಳ ಮಾತುಗಳನ್ನು ಕೂಡಿಸಿ ಅದನ್ನು ಕಟ್ಟಿದರು. ಹತ್ತು ದೇಶದ ಬಡಜನ ಒಂದೇ ಬೀದಿಯಲ್ಲಿ ಬಾಳಿದರೆ ಹುಟ್ಟುವಂಥ ಭಾಷೆ. ಅವನ ಮಾತಿನ ನಡುವೆ ಹಂಗೇರಿ ಭಾಷೆಯ ಅಪ್ಪಟ ಬೈಗುಳವೂ ಇದೆ. ಆ ದೇಶದ ಪ್ರೇಕ್ಷಕನಿಗೆ ಯಾವ ದುಭಾಷಿಯೂ ಬೇಡ.

ಡೆಕರ್ಡ್ ಏನು ಮಾಡುತ್ತಾನೆ? ಅರ್ಥವಾಗದವನಂತೆ ಮುಖ ಮಾಡುತ್ತಾನೆ. ಅಂಗಡಿಯವನು ಹರುಕು ಮುರುಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಆಗ 1982ರ ಚಿತ್ರದಲ್ಲಿ ಹಿನ್ನೆಲೆ ದನಿ ಬಂದು ನಮಗೆ ಹೇಳುವುದೇನು ಗೊತ್ತೇ? ಇದು ಗಟಾರದ ಮಾತಂತೆ, ಕಲಬೆರಕೆಯಂತೆ. ಆ ಭಾಷೆ ತನಗೆ ಚೆನ್ನಾಗಿಯೇ ಬರುತ್ತದಂತೆ, ಒಳ್ಳೆಯ ಪೊಲೀಸರಿಗೆಲ್ಲ ಬರುತ್ತದಂತೆ. ಆದರೆ ಎದುರಿನವನಿಗೆ ಅನುಕೂಲ ಮಾಡಿಕೊಡಲು ಇವನಿಗೆ ಮನಸ್ಸಿಲ್ಲವಂತೆ!

ಓದುಗರೇ, ಈ ಮನುಷ್ಯನನ್ನು ನೀವು ಎಲ್ಲೋ ನೋಡಿದ ಹಾಗಿಲ್ಲವೇ? ಬೆಂಗಳೂರಿನ ಕೌಂಟರುಗಳ ಆಚೆ ಕೂತವನಲ್ಲವೇ ಇವನು? ನೀವು ಕನ್ನಡದಲ್ಲಿ ಕೇಳಿದ್ದು ಅವನ ಕಿವಿಗೆ ಬಿದ್ದಿದೆ, ತಲೆಗೂ ಹೋಗಿದೆ. ಮನೆಗೆಲಸದವಳ ಹತ್ತಿರ, ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಕನ್ನಡ ಅವನಿಗೆ ಬರುತ್ತದೆ. ಆದರೆ ನಿಮ್ಮ ಮುಂದೆ ಅರ್ಥವಾಗದ ಮುಖ! ಭಾಷೆ ಬಾರದವನನ್ನು ಕ್ಷಮಿಸಬಹುದು, ಕಲಿಸಲೂಬಹುದು. ಬಂದೂ ಬಾರದಂತೆ ನಟಿಸುವವನಿಗೆ ಏನು ಕಲಿಸುತ್ತೀರಿ?

ಆ ಹಿನ್ನೆಲೆ ದನಿ ಯಾಕೆ ಬಂತೆಂದು ನೆನಪಿಸಿಕೊಳ್ಳಿ. "ಜನಕ್ಕೆ ಅರ್ಥವಾಗೋಲ್ಲ" ಎಂದು ಬಂದದ್ದು. ಬಂದದ್ದೇ ತಡ, ಮಾಡಿದ್ದೇನು? ಒಂದೇ ಉಸಿರಿನಲ್ಲಿ ಇಬ್ಬರನ್ನು ಅವಮಾನಿಸಿತು. ನೋಡುವವನನ್ನು ದಡ್ಡ ಎಂದಿತು, ಬೀದಿಯ ಭಾಷೆಯನ್ನು ಗಟಾರ ಎಂದಿತು. ಇವೆರಡೂ ಬೇರೆ ಬೇರೆ ಅಲ್ಲ. ಯಾರು ಜನರ ತಿಳಿವಳಿಕೆಯನ್ನು ನಂಬುವುದಿಲ್ಲವೋ ಅವರು ಜನರ ಭಾಷೆಯನ್ನೂ ಮರ್ಯಾದೆಯಿಂದ ಕಾಣುವುದಿಲ್ಲ. ನಾನು ಹೇಳಲು ಹೊರಟಿರುವುದು ಇದೇ.

ಚಿತ್ರವನ್ನು ಹೊಗಳುವ ಭರದಲ್ಲಿ ಅದರ ಕುಂದನ್ನೂ ಮುಚ್ಚಿಡಬಾರದು. ಏಷ್ಯಾದ ಅಕ್ಷರಗಳು ಗೋಡೆಗಳ ಮೇಲೆ ಮಿಣುಕುತ್ತವೆ, ಜಪಾನಿ ಹೆಣ್ಣಿನ ಮುಖ ಭಾರೀ ಜಾಹೀರಾತಿನಲ್ಲಿ ನಗುತ್ತದೆ, ಬೀದಿಯ ತುಂಬ ಏಷ್ಯಾದ ಜನ. ಆದರೆ ಕಥೆ ನಡೆಸುವವರು ಬಹುಪಾಲು ಬಿಳಿಯರು. ಉಳಿದವರು ಅಲಂಕಾರ. ಈ ಆಕ್ಷೇಪವನ್ನು ಎತ್ತಿದವರಿದ್ದಾರೆ, ಅದು ಸರಿಯಾದ ಆಕ್ಷೇಪ. ಹಿನ್ನೆಲೆ ದನಿ ಹೋದ ಮೇಲೂ ಈ ಕಲೆ ಉಳಿಯಿತು.

ಡಬ್ಬಾದಿಂದ ಎದ್ದು ಬಂದ ಸತ್ಯ

ಹೌದು, ಹಿನ್ನೆಲೆ ದನಿ ಹೋಯಿತು! ಹೇಗೆ ಎಂಬುದೇ ಈ ಕಥೆಯ ರಸಘಟ್ಟ.

ಗಲ್ಲಾಪೆಟ್ಟಿಗೆ ಕೈಬಿಟ್ಟರೂ ಜನ ಕೈಬಿಡಲಿಲ್ಲ. 1983ರಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳು ಮತ ಹಾಕಿ ಆರಿಸುವ ಹ್ಯೂಗೊ ಪ್ರಶಸ್ತಿ 'ಬ್ಲೇಡ್ ರನ್ನರ್'ಗೆ ಬಂತು. ಕಣದಲ್ಲಿ 'ಇ.ಟಿ.'ಯೂ ಇತ್ತು ಎಂಬುದನ್ನು ಮರೆಯಬೇಡಿ. ಕೇಬಲ್ ಟಿ.ವಿ. ಬಂತು, ವಿಡಿಯೋ ಕ್ಯಾಸೆಟ್ ಬಂತು. ಜನ ಮನೆಯಲ್ಲಿ ಕೂತು ಮತ್ತೆ ಮತ್ತೆ ನೋಡಿದರು, ನಿಲ್ಲಿಸಿ ನೋಡಿದರು, ತಮ್ಮಲ್ಲೇ ಜಗಳವಾಡಿದರು. ಡೆಕರ್ಡ್ ಕೂಡ ರೆಪ್ಲಿಕೆಂಟೇ ಅಲ್ಲವೇ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಅರ್ಥವಾಗದ ಜನ ಇಷ್ಟು ವರ್ಷ ವಾದ ಮಾಡುತ್ತಾರೇನು?

1990ರಲ್ಲಿ ಲಾಸ್ ಏಂಜಲೀಸ್‌ನ ಫೇರ್‌ಫ್ಯಾಕ್ಸ್ ಚಿತ್ರಮಂದಿರದಲ್ಲಿ ಹಳೆಯ ದೊಡ್ಡ ಪರದೆಯ ಪ್ರಿಂಟುಗಳ ಪ್ರದರ್ಶನ. 'ಬ್ಲೇಡ್ ರನ್ನರ್'ನದೂ ಒಂದು 70 ಎಂ.ಎಂ. ಪ್ರಿಂಟ್ ಸಿಕ್ಕಿ, ಹಾಕಿದರು. ನೋಡುತ್ತಾ ಹೋದಂತೆ ಕೂತವರಿಗೆ ಅಚ್ಚರಿ. ಆ ವಿವರಣೆಯ ಕಾಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ! ಕೊನೆಯ ಹಸಿರು ಬೆಟ್ಟಗಳೂ ಇಲ್ಲ! ಯಾರಿಗೂ ಗೊತ್ತಾಗದೆ ಡಬ್ಬಾದಲ್ಲಿ ಉಳಿದಿದ್ದ ಆ ಪ್ರಿಂಟು ಯಾವುದು? 1982ರ ಮಾರ್ಚಿನಲ್ಲಿ ಡೆನ್ವರ್, ಡಲ್ಲಾಸ್ ಜನರಿಗೆ ತೋರಿಸಿದ್ದ, "ಅರ್ಥವಾಗೋಲ್ಲ" ಎಂದು ಮೂಲೆಗೆ ಎಸೆದಿದ್ದ ಅದೇ ರೂಪ!

1991ರಲ್ಲಿ ಅದನ್ನೇ ಲಾಸ್ ಏಂಜಲೀಸ್‌ನ ನೂಆರ್ಟ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಚಿತ್ರಮಂದಿರಗಳಲ್ಲಿ ಹಾಕಿದರು. ಜನ ಮುಗಿಬಿದ್ದರು. ಹುಟ್ಟುವ ಹಣ ಕಂಡ ಮೇಲೆ ಕಂಪನಿಗೂ ಜ್ಞಾನೋದಯವಾಯಿತು. 1992ರಲ್ಲಿ 'ಡೈರೆಕ್ಟರ್ಸ್ ಕಟ್' ಎಂಬ ಹೆಸರಿನಲ್ಲಿ ಹೊಸ ಆವೃತ್ತಿ ಬಂತು. ವಿವರಣೆ ಇಲ್ಲ, ಬೆಟ್ಟ ಇಲ್ಲ. ಲಿಫ್ಟಿನ ಬಾಗಿಲು ಮುಚ್ಚುತ್ತದೆ, ಚಿತ್ರ ಮುಗಿಯುತ್ತದೆ. ಪ್ರಶ್ನೆ ಮತ್ತೆ ನಮ್ಮ ಮಡಿಲಿಗೆ ಬಂತು. ವಿವರಣೆಯ ಜೊತೆಗೇ ಆ 'ಗಟಾರದ ಮಾತು' ಎಂಬ ಬೈಗುಳವೂ ತೊಲಗಿತು. ಗ್ಯಾಫ್ ಈಗ ತನ್ನ ಭಾಷೆಯಲ್ಲಿ ಮಾತಾಡುತ್ತಾನೆ, ನಾವು ಕೇಳುತ್ತೇವೆ. ನಡುವೆ ನಿಂತು ಮೂಗು ಮುರಿಯಲು ಯಾರೂ ಇಲ್ಲ!

1993ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ ಈ ಚಿತ್ರವನ್ನು ಸೇರಿಸಿಕೊಂಡರು. 2007ರಲ್ಲಿ ರಿಡ್ಲಿ ಸ್ಕಾಟ್ ಪೂರ್ಣ ಸ್ವಾತಂತ್ರ್ಯದಿಂದ 'ಫೈನಲ್ ಕಟ್' ಸಿದ್ಧಪಡಿಸಿದರು. ಅದೇ ವರ್ಷ ರೋಜರ್ ಈಬರ್ಟ್ ಈ ಚಿತ್ರವನ್ನು ತಮ್ಮ ಶ್ರೇಷ್ಠ ಚಿತ್ರಗಳ ಪಟ್ಟಿಗೆ ಏರಿಸಿದರು. ಮೂರು ನಕ್ಷತ್ರದಿಂದ ಶ್ರೇಷ್ಠ ಪಟ್ಟಿಗೆ ಇಪ್ಪತ್ತೈದು ವರ್ಷದ ದಾರಿ. ತೀರ್ಪು ತಿದ್ದಿಕೊಂಡ ಅವರ ದೊಡ್ಡತನಕ್ಕೆ ನಮಸ್ಕಾರ. ಆದರೆ ಆ ಇಪ್ಪತ್ತೈದು ವರ್ಷ ಚಿತ್ರವನ್ನು ಜೀವಂತ ಇಟ್ಟವರು ಯಾರು? ಹೆಸರಿಲ್ಲದ ಪ್ರೇಕ್ಷಕರು!

"ಆದರೆ ಚೀಟಿ ಬರೆದವರೂ ಜನರೇ ಅಲ್ಲವೇ?"

ಈ ಪ್ರಶ್ನೆಯನ್ನು ಎತ್ತುವವರು ಇದ್ದಾರೆ, ಎತ್ತಲಿ. ಹೌದು, ಡೆನ್ವರಿನ ಜನ ಜನರೇ. ಹಿನ್ನೆಲೆ ದನಿಯ ಆಲೋಚನೆ ಚಿತ್ರಕಥೆಯ ಹಳೆಯ ಕರಡುಗಳಲ್ಲೂ ಇತ್ತು, ಅದೂ ನಿಜ. ಹಳೆಯ ಪತ್ತೇದಾರಿ ಚಿತ್ರಗಳಲ್ಲಿ ಅಂಥ ದನಿ ಇರುತ್ತಿತ್ತು, ಇವತ್ತಿಗೂ 1982ರ ಆವೃತ್ತಿಯನ್ನೇ ಮೆಚ್ಚುವವರಿದ್ದಾರೆ. ಅವರ ರುಚಿ ಅವರದು.

ಆದರೆ ಸ್ವಾಮಿ, ಒಂದೇ ಸಂಜೆ ಒಂದೇ ಸಲ ನೋಡಿದವನ ಕೈಗೆ ಚೀಟಿ ಕೊಟ್ಟು, ಮನೆಗೆ ಹೋಗಿ ಮಲಗಿ ಯೋಚಿಸಲೂ ಬಿಡದೆ ಉತ್ತರ ಕಿತ್ತುಕೊಂಡರೆ ಅದು ಜನಾಭಿಪ್ರಾಯವೇ? ಸಾಹಸ ಚಿತ್ರದ ನಾಯಕನನ್ನು ಕಾಣಲು ಬಂದವನು ಮೊದಲು ಬೆಚ್ಚುತ್ತಾನೆ, ಆಮೇಲೆ ಒಪ್ಪುತ್ತಾನೆ. ಬೆಚ್ಚಿದ್ದನ್ನು ಬರೆದುಕೊಂಡಿರಿ, ಒಪ್ಪಲು ಬಿಡಲಿಲ್ಲ! "ಗೊಂದಲವಾಯಿತು" ಎಂದವನ ಮಾತಿಗೆ "ನನಗೆ ಪಾಠ ಮಾಡಿ" ಎಂಬ ಅರ್ಥ ಹಚ್ಚಿದವರು ನೀವು.

2017ರಲ್ಲಿ ಇದರ ಮುಂದುವರಿದ ಭಾಗ 'ಬ್ಲೇಡ್ ರನ್ನರ್ 2049' ಬಂತು. ನಿರ್ದೇಶಕ ಕೆನಡಾದ ಡೆನಿ ವಿಲ್ನೂವ್. 163 ನಿಮಿಷದ ಚಿತ್ರ, ಖರ್ಚು 15 ಕೋಟಿ ಡಾಲರಿಗೂ ಮೇಲೆ. ಈ ಸಲ ವಿಮರ್ಶಕರು ಹಳೆಯ ಪಾಠ ಕಲಿತಿದ್ದರು, ಹಾಡಿ ಹೊಗಳಿದರು. ಅದಕ್ಕೆ ಮುಂಚೆ ಹದಿಮೂರು ಸಲ ಆಸ್ಕರ್‌ಗೆ ಹೆಸರು ಹೋಗಿ ಬರಿಗೈಯಲ್ಲಿ ಮರಳಿದ್ದ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಇದರಿಂದ ಕೊನೆಗೂ ಆಸ್ಕರ್ ಪಡೆದರು. ಆದರೆ ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ ಮೂರು ಕೋಟಿ ಡಾಲರಿನ ಆಸುಪಾಸಿನಲ್ಲೇ ನಿಂತಾಗ ಸೋಮವಾರದ ಹೊತ್ತಿಗೆ "ಸೋತಿತು" ಎಂಬ ಡಂಗುರ! ಹಳೆಯ ಚಿತ್ರಕ್ಕೆ ಹತ್ತು ವರ್ಷ ಬೇಕಾಯಿತೆಂದು ಕಣ್ಣೆದುರೇ ಉದಾಹರಣೆ ಇದ್ದರೂ ಈ ಚಿತ್ರಕ್ಕೆ ಕೊಟ್ಟದ್ದು ಮೂರೇ ದಿನ. ವಿಮರ್ಶಕರು ಬದಲಾದರು, ತಕ್ಕಡಿ ಹಿಡಿದ ಕೈ ಬದಲಾಗಲಿಲ್ಲ.

ಇಷ್ಟಕ್ಕೂ ನಿಮಗೆ ನಾನು ಹೇಳುವುದಿಷ್ಟೆ. ಇನ್ನು ಮುಂದೆ ಯಾರಾದರೂ ನಿಮ್ಮ ಎದುರು ನಿಂತು, ಚಿತ್ರದ ಬಗ್ಗೆಯಾಗಲಿ, ಪುಸ್ತಕದ ಬಗ್ಗೆಯಾಗಲಿ, ವಿಜ್ಞಾನದ ಬಗ್ಗೆಯಾಗಲಿ, "ಜನಕ್ಕೆ ಅರ್ಥವಾಗೋಲ್ಲ" ಎಂದರೆ ಸುಮ್ಮನಿರಬೇಡಿ. "ಯಾವ ಜನ? ಎಷ್ಟು ಸಲ ತೋರಿಸಿದಿರಿ? ಪೂರ್ತಿ ತೋರಿಸಿದಿರೋ, ತೇಪೆ ಹಾಕಿ ತೋರಿಸಿದಿರೋ?" ಎಂದು ಕೇಳಿ. ಒಂದು ಚಿತ್ರ ಮೊದಲ ನೋಟಕ್ಕೆ ದಕ್ಕದಿದ್ದರೆ ನಾಚಬೇಡಿ, ಇನ್ನೊಮ್ಮೆ ನೋಡಿ. ಪಂಡಿತರ ನಕ್ಷತ್ರ ಎಣಿಸುವ ಮುಂಚೆ ನಿಮ್ಮ ಎದೆಯನ್ನು ಕೇಳಿ. ವಾರಾಂತ್ಯದ ಲೆಕ್ಕ ಹಾಕುವವನು ಲೆಕ್ಕಿಗ, ನ್ಯಾಯಾಧೀಶನಲ್ಲ!

ಜನಕ್ಕೆ ಅರ್ಥವಾಗುತ್ತದೆ. ತಡವಾಗಿಯಾದರೂ ಆಗುತ್ತದೆ. ಅರ್ಥವಾದ ಮೇಲೆ ಅವರು ಬಿಡುವುದಿಲ್ಲ. 1982ರಲ್ಲಿ ಡಬ್ಬಾದೊಳಗೆ ಹೋದ ಚಿತ್ರವನ್ನು ಎಂಟು ವರ್ಷದ ಮೇಲೆ ಹೊರಗೆಳೆದು, ಅದರ ಬಾಯಿಗೆ ತುರುಕಿದ್ದ ಸುಳ್ಳು ದನಿಯನ್ನು ಕೀಳಿಸಿ, ಅದರ ಸ್ವಂತ ಮಾತನ್ನು ಅದಕ್ಕೆ ವಾಪಸ್ ಕೊಡಿಸಿದವರು ಟಿಕೆಟ್ ಕೊಂಡ ಸಾಮಾನ್ಯ ಜನ. ಅಂಥ ಜನರನ್ನು ದಡ್ಡರೆಂದವರ ಹೆಸರು ಇವತ್ತು ಎಷ್ಟು ಮಂದಿಗೆ ನೆನಪಿದೆ?